ಎರಡು ಎಕರೆ ಹತ್ತು ಗುಂಟೆ, ಅಕ್ಟೋಬರ್ ಎರಡು

ಶುಕ್ರವಾರ ರಾತ್ರಿ

ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ತಂಗಿ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಣ್ಣಾ, ಇದನ್ನ ನೋಡು. ದೇವದುರ್ಗದಾಗ ಬೋರ್‌ವೆಲ್ ಸರಾಸರಿ ಆಳ ಒಂದು ಅಡಿ ಅಂತ ಬರ್ತದ."

ಅವಳದು ಪಿಎಚ್‌ಡಿ ಕೆಲಸ. ರಾಯಚೂರು ಜಿಲ್ಲೆಯಲ್ಲಿ ಕಾಲುವೆ ನೀರಿನ ಭತ್ತದ ರೈತರನ್ನು ಒಂದು ಕಡೆ ಇಟ್ಟು, ಬೋರ್‌ವೆಲ್ ನಂಬಿದ ಹತ್ತಿ, ತೊಗರಿ ರೈತರನ್ನು ಇನ್ನೊಂದು ಕಡೆ ಇಟ್ಟು ಖರ್ಚು, ಇಳುವರಿ ಹೋಲಿಸುತ್ತಿದ್ದಾಳೆ. ಸಿಂಧನೂರು, ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳು. ದೇವದುರ್ಗದಲ್ಲಿ ಕಾಲುವೆ ನೀರು ತಲುಪದ ಊರುಗಳು. ಒಟ್ಟು 360 ರೈತರು. ಪ್ರತಿ ಹೊಲಕ್ಕೆ, ಪ್ರತಿ ಹಂಗಾಮಿಗೆ ಒಂದು ಸಾಲು. ಹೀಗೆ 1,438 ಸಾಲು, 41 ಕಾಲಂ ಇರುವ ಒಂದು ಎಕ್ಸೆಲ್ ಫೈಲ್. ಅವಳು ಮತ್ತು ಇನ್ನಿಬ್ಬರು ಹುಡುಗರು ಊರೂರು ತಿರುಗಿ ಹಾಳೆ ತುಂಬಿಸಿದರು. ಟೈಪ್ ಮಾಡಿಸಿದ್ದು 2025ರ ಜೂನ್‌ನಲ್ಲಿ, ಒಂದು ಡಿಟಿಪಿ ಅಂಗಡಿಯಲ್ಲಿ. ಈಗ ಆ ಫೈಲನ್ನು ಆರ್ ಎಂಬ ಅಂಕಿಅಂಶ ಲೆಕ್ಕದ ತಂತ್ರಾಂಶಕ್ಕೆ ತಂದುಕೊಂಡು ಲೆಕ್ಕ ಶುರು ಮಾಡಿದ್ದಾಳೆ.

ಬೋರ್‌ವೆಲ್ ಆಳದ ಕಾಲಂ ತೆರೆದು ನೋಡಿದೆ. 280, 340, 410 ಇರಬೇಕಾದ ಕಡೆ ಎಲ್ಲಾ 'ಟ್ರೂ' ಎಂದು ಕೂತಿತ್ತು. ಆರ್‌ಗೆ 'ಟ್ರೂ' ಅಂದರೆ 1. ಅದರ ಸರಾಸರಿಯೂ 1. ಒಂದು ಅಡಿ ಬಂದದ್ದು ಹೀಗೆ.

ಕಾರಣ ಇದು. ಎಕ್ಸೆಲ್ ಫೈಲ್ ಓದಲು ಅವಳು ಬಳಸಿದ್ದು ರೀಡ್‌ಎಕ್ಸ್‌ಎಲ್ ಪ್ಯಾಕೇಜ್, ಅಂದರೆ ಆರ್‌ಗೆ ಜೋಡಿಸಿಕೊಳ್ಳುವ ಒಂದು ಉಪಕರಣ. ಪ್ರತಿ ಕಾಲಂ ಸಂಖ್ಯೆಯೋ, ತಾರೀಖೋ, ಟೆಕ್ಸ್ಟೋ ಎಂದು ನಾವು ಹೇಳದಿದ್ದರೆ ಅದು ಮೊದಲ 1,000 ಸಾಲು ನೋಡಿ ತಾನೇ ಊಹಿಸುತ್ತದೆ. ಅವಳ ಫೈಲಿನಲ್ಲಿ ಸಿಂಧನೂರು, ಮಾನ್ವಿಯ ಸಾಲುಗಳೇ ಮೊದಲು. ಕಾಲುವೆ ರೈತರಿಗೆ ಬೋರ್‌ವೆಲ್ ಇಲ್ಲ, ಹಾಗಾಗಿ ಸಾವಿರಕ್ಕೂ ಜಾಸ್ತಿ ಸಾಲು ಖಾಲಿ. ಪೂರ್ತಿ ಖಾಲಿ ಕಂಡರೆ ರೀಡ್‌ಎಕ್ಸ್‌ಎಲ್ ಆ ಕಾಲಮನ್ನು ಲಾಜಿಕಲ್ ಎನ್ನುತ್ತದೆ, ಅಂದರೆ ಹೌದು-ಅಲ್ಲ ಮಾತ್ರ ಇರುವ ಕಾಲಂ. ಆಮೇಲೆ ದೇವದುರ್ಗದ 280 ಬಂತು. ಲಾಜಿಕಲ್ ಕಾಲಮಿಗೆ ಸೊನ್ನೆ ಬಂದರೆ 'ಫಾಲ್ಸ್', ಬೇರೆ ಯಾವ ಸಂಖ್ಯೆ ಬಂದರೂ 'ಟ್ರೂ'. 280 ಅಡಿಯೂ ಟ್ರೂ, 410 ಅಡಿಯೂ ಟ್ರೂ. "300-320" ಎಂದು ಬರೆದಿದ್ದ ಕೆಲವು ಸೆಲ್‌ಗಳಿಗೆ ಮಾತ್ರ ಎಚ್ಚರಿಕೆ ಬಂದಿತ್ತು. ಆ ಕೆಂಪು ಅಕ್ಷರಗಳನ್ನು ಅವಳು ನೋಡಿದ್ದಳು, ಪರದೆ ಮೇಲೆ ಹೋದಮೇಲೆ ಮರೆತಿದ್ದಳು. ಸಂಖ್ಯೆಗಳು ಯಾವ ಸದ್ದೂ ಇಲ್ಲದೆ ಬದಲಾಗಿದ್ದವು.

ಇದಕ್ಕೆ ಸುಲಭದ ಮದ್ದು ಇದೆ. ಗೆಸ್ ಮ್ಯಾಕ್ಸ್ ಎಂಬ ಆಯ್ಕೆಯಲ್ಲಿ 1,000ದ ಬದಲು 2,000 ಕೊಟ್ಟರೆ ಫೈಲ್ ಪೂರ್ತಿ ನೋಡಿ ಊಹಿಸುತ್ತದೆ. ಕೊಟ್ಟೆ. ಆ ಕಾಲಂ ಈಗ ಟೆಕ್ಸ್ಟ್ ಆಗಿ ಬಂತು, 280 ವಾಪಸ್ ಬಂತು. ತಂಗಿ ಖುಷಿಯಾದಳು. ಆದರೆ ನನಗೆ ಸಮಾಧಾನ ಆಗಲಿಲ್ಲ. ಒಂದು ಕಾಲಮಿನಲ್ಲಿ ಊಹೆ ತಪ್ಪಿದ್ದು ಕಣ್ಣಿಗೆ ಬಿತ್ತು, ಏಕೆಂದರೆ ಒಂದು ಅಡಿ ಬೋರ್‌ವೆಲ್ ಯಾರೂ ನಂಬುವುದಿಲ್ಲ. ನಂಬುವಂಥ ತಪ್ಪುಗಳು ಉಳಿದ 40 ಕಾಲಮಿನಲ್ಲಿ ಎಷ್ಟಿವೆ?

ಶನಿವಾರ

ಬೆಳಿಗ್ಗೆ ಎದ್ದವನೇ ಮೊದಲು ಮಾಡಿದ ಕೆಲಸ: ಎಲ್ಲಾ 41 ಕಾಲಮನ್ನೂ ಟೆಕ್ಸ್ಟ್ ಆಗಿಯೇ ಓದು ಎಂದು ಹೇಳಿದೆ. ಕಾಲ್ ಟೈಪ್ಸ್ ಎಂಬ ಕಡೆ 'ಟೆಕ್ಸ್ಟ್' ಎಂದು ಒಂದೇ ಸಲ ಬರೆದರೆ ಎಲ್ಲಾ ಕಾಲಮಿಗೂ ಅದೇ ಅನ್ವಯ ಆಗುತ್ತದೆ. ಆರ್‌ನಂಥದೇ ಸ್ಟೇಟಾ ತಂತ್ರಾಂಶದಲ್ಲೂ ಎಕ್ಸೆಲ್ ತರುವಾಗ ಆಲ್‌ಸ್ಟ್ರಿಂಗ್ ಎಂಬ ಆಯ್ಕೆ ಇದೆ, ಪೈಥಾನಿನ ಪಾಂಡಾಸ್‌ನಲ್ಲಿ ಡಿಟೈಪ್ ಎಂದು ಕೊಡಬಹುದು. ಎಸ್‌ಪಿಎಸ್‌ಎಸ್ ಎಂಬ ಇನ್ನೊಂದು ಲೆಕ್ಕದ ತಂತ್ರಾಂಶದಲ್ಲಿ ಊಹೆಗೆ ಒಂದು ಶೇಕಡಾವಾರು ಇರುತ್ತದೆ, ಮಾಮೂಲಾಗಿ 95. ನೂರಕ್ಕೆ 95 ಸೆಲ್ ಸಂಖ್ಯೆಯಾಗಿದ್ದರೆ ಕಾಲಂ ಸಂಖ್ಯೆ ಎಂದು ತೀರ್ಮಾನ, ಉಳಿದ ಐದು ಖಾಲಿ ಆಗಿಬಿಡುತ್ತವೆ. ತಂಗಿಯ ಗೈಡ್‌ಗೆ ಕೊನೆಯಲ್ಲಿ ಎಸ್‌ಪಿಎಸ್‌ಎಸ್ ಫೈಲೇ ಬೇಕು. ಹಾಗಾಗಿ ಇದೂ ತಲೆಯಲ್ಲಿರಲಿ ಎಂದು ಅವಳಿಗೆ ಹೇಳಿದೆ.

ಟೆಕ್ಸ್ಟ್ ಆಗಿ ಓದಿದರೆ ಏನು ಲಾಭ? ಸೆಲ್‌ನಲ್ಲಿ ನಿಜವಾಗಿ ಏನಿದೆ ಎಂದು ಕಾಣುತ್ತದೆ. ಯಾವುದನ್ನು ಸಂಖ್ಯೆ ಮಾಡಬೇಕು, ಯಾವುದನ್ನು ತಾರೀಖು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂದು ನಾವೇ ಒಂದೊಂದಾಗಿ ತೀರ್ಮಾನಿಸಬಹುದು. ಆ ತೀರ್ಮಾನ ಮಾಡಬೇಕಾದವರು ಹೊಲ ನೋಡಿದವರು. ಅದಕ್ಕೇ ತಂಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಹಾಳೆಗಳ ಕಟ್ಟುಗಳನ್ನೂ ಅಟ್ಟದಿಂದ ಇಳಿಸಿದೆವು.

ರೈತರ ಕೋಡ್ ಮೊದಲು. ಹಾಳೆಯಲ್ಲಿ 0107 ಎಂದಿದೆ, ಫೈಲಿನಲ್ಲಿ 107. ಮೊದಲ ಎರಡು ಅಂಕಿ ಊರು, ಉಳಿದೆರಡು ರೈತ. ಎಕ್ಸೆಲ್ ಇದನ್ನು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆ ತಿಂದಿದೆ. ಎಲ್ಲವೂ ನಾಲ್ಕಂಕಿಯದೇ ಆದ್ದರಿಂದ ಎಡಕ್ಕೆ ಸೊನ್ನೆ ತುಂಬಿದರೆ ಸಾಕಾಯಿತು. ಐದು ನಿಮಿಷದ ಕೆಲಸ. ಕೋಡ್, ಪಿನ್, ಫೋನ್ ನಂಬರ್ ಇವನ್ನು ಯಾರೂ ಕೂಡಿಸುವುದಿಲ್ಲ, ಸರಾಸರಿ ತೆಗೆಯುವುದಿಲ್ಲ. ಹಾಗಾಗಿ ಅಂಕಿಯಲ್ಲಿ ಬರೆದಿದ್ದರೂ ಅವು ಟೆಕ್ಸ್ಟೇ. ಇನ್ನೊಂದು ವಿಷಯ: ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಹದಿನಾರನೆಯದರಿಂದ ಮುಂದಕ್ಕೆ ಸೊನ್ನೆ ಹಾಕುತ್ತದೆ. ಉದ್ದದ ಬ್ಯಾಂಕ್ ಖಾತೆ ನಂಬರನ್ನು ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಹೋದ ಹಾಗೆಯೇ, ಮತ್ತೆ ಸಿಗುವುದಿಲ್ಲ. ಪುಣ್ಯಕ್ಕೆ ತಂಗಿ ಖಾತೆ ನಂಬರ್ ಕೇಳಿರಲಿಲ್ಲ.

ಇಳುವರಿಯ ಕಾಲಂ. ಇಲ್ಲಿ ಏನೇನಿತ್ತು ಎಂದು ಬರೆಯುತ್ತೇನೆ: 90. 90 ಚೀಲ. ೯೦. 68 ಕ್ವಿಂಟಲ್. 1,120. ಒಂದು ಅಡ್ಡ ಗೆರೆ. ಇಲ್ಲ. ಹಾಳಾಯಿತು.

ಕನ್ನಡ ಅಂಕಿ ಓದಲು ನಮಗೆ ಕಷ್ಟ ಇಲ್ಲ, ಆದರೆ ಆರ್ ೯೦ ಅನ್ನು ಸಂಖ್ಯೆ ಮಾಡಲು ಹೋದರೆ ಎನ್‌ಎ, ಅಂದರೆ 'ಮಾಹಿತಿ ಇಲ್ಲ' ಎಂಬ ಗುರುತು, ಕೊಡುತ್ತದೆ. ಮದ್ದು ಸರಳ. ಅಕ್ಷರ ಬದಲಿಸುವ ಕ್ಯಾರ್‌ಟಿಆರ್ ಎಂಬ ಫಂಕ್ಷನ್ ಇದೆ. ೦ಯಿಂದ ೯ರವರೆಗೆ ಒಂದು ಕಡೆ, 0ಯಿಂದ 9ರವರೆಗೆ ಇನ್ನೊಂದು ಕಡೆ ಕೊಟ್ಟರೆ ಎಲ್ಲಾ ಬದಲಾಗುತ್ತವೆ. ಕೊಟ್ಟೆ. ಆದರೂ ಏಳೆಂಟು ಸೆಲ್ ಹಟ ಹಿಡಿದವು. ಪರದೆಯಲ್ಲಿ ನೋಡಿದರೆ ಸರಿಯಾಗಿ ತೊಂಬತ್ತು. ಒಂದೊಂದು ಅಕ್ಷರದ ಯೂನಿಕೋಡ್ ನಂಬರ್, ಅಂದರೆ ಕಂಪ್ಯೂಟರ್ ಆ ಅಕ್ಷರವನ್ನು ಗುರುತಿಸುವ ನಂಬರ್, ತೆಗೆಸಿದಾಗ ಗೊತ್ತಾಯಿತು. ಅಲ್ಲಿ ಇದ್ದದ್ದು ಸೊನ್ನೆ ಅಲ್ಲ, ಅನುಸ್ವಾರ! 'ಅಂ' ಬರೆಯುವಾಗ ಹಾಕುತ್ತೇವಲ್ಲ, ಆ ಸೊನ್ನೆ. ನಮ್ಮ ಕಣ್ಣಿಗೆ ಎರಡೂ ಒಂದೇ ದುಂಡು. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಟೈಪ್ ಮಾಡಿದವರ ಕೈಗೆ ಹತ್ತಿರ ಸಿಕ್ಕ ಕೀಲಿ ಒತ್ತಿದ್ದಾರೆ. ಅಂಕಿಯ ಪಕ್ಕದಲ್ಲಿ ಅನುಸ್ವಾರ ಬಂದರೆ ಸೊನ್ನೆ ಮಾಡು ಎಂದು ಇನ್ನೊಂದು ನಿಯಮ ಸೇರಿಸಿದೆ.

ಚೀಲ ಮತ್ತು ಕ್ವಿಂಟಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಷರ ಬಿಟ್ಟು ಸಂಖ್ಯೆ ಮಾತ್ರ ಎತ್ತಿಕೊಡುವ ಪಾರ್ಸ್ ನಂಬರ್ ಎಂಬ ಫಂಕ್ಷನ್ ರೀಡ್‌ಆರ್ ಪ್ಯಾಕೇಜಿನಲ್ಲಿದೆ. ಬಹಳ ಅನುಕೂಲ. 1,25,000 ಎಂಬ ನಮ್ಮ ಲಕ್ಷದ ಕಾಮಾವನ್ನೂ ಸರಿಯಾಗಿ ತೆಗೆಯುತ್ತದೆ. ಆದರೆ "90 ಚೀಲ"ವನ್ನು 90 ಮಾಡುತ್ತದೆ, "68 ಕ್ವಿಂಟಲ್" ಅನ್ನು 68 ಮಾಡುತ್ತದೆ. ನಮ್ಮ ಕಡೆ ಭತ್ತದ ಚೀಲ ಎಂದರೆ 75 ಕೆಜಿ. 90 ಚೀಲ ಎಂದರೆ 67.5 ಕ್ವಿಂಟಲ್. ಅಂದರೆ ಈ ಎರಡೂ ಸೆಲ್ ಹೆಚ್ಚುಕಡಿಮೆ ಒಂದೇ ಫಸಲು. ಅಕ್ಷರ ಬಿಸಾಕಿದರೆ ಒಬ್ಬ ರೈತ ಇನ್ನೊಬ್ಬನಿಗಿಂತ ಬಹಳ ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ಯೂನಿಟ್ಟನ್ನು ಬೇರೆ ಕಾಲಮಿಗೆ ಎತ್ತಿಟ್ಟೆ. ಯೂನಿಟ್ ಬರೆಯದ ಬರಿಯ 90 ಇದ್ದಲ್ಲಿ ಹಾಳೆ ನೋಡಿದೆವು. ಆಮೇಲೆ ಎಲ್ಲವನ್ನೂ ಕೆಜಿಗೆ ತಂದೆ.

"ಇಲ್ಲ" ಎಂಬ ಮಾತಿಗೆ ತಂಗಿಯ ಜೊತೆ ಅರ್ಧ ಗಂಟೆ ಚರ್ಚೆ ಆಯಿತು. ಓದುವಾಗಲೇ "ಇಲ್ಲ", ಗೆರೆ, ಖಾಲಿ ಮೂರನ್ನೂ ಎನ್‌ಎ ಮಾಡು ಎಂದು ಹೇಳಬಹುದು. ಹಾಗೆ ಮಾಡಬಾರದು ಎಂದೆ. ಅವಳು ಹಾಳೆ ತಿರುವಿ ತೋರಿಸಿದಳು. ಗೆರೆ ಎಂದರೆ ಆ ಹಂಗಾಮಿನಲ್ಲಿ ಬೆಳೆ ಇಟ್ಟಿಲ್ಲ. "ಇಲ್ಲ" ಎಂದರೆ ಕೆಲವು ಕಡೆ ರೈತ ಹೇಳಲಿಲ್ಲ ಎಂದು, ಕೆಲವು ಕಡೆ ಏನೂ ಕೈಗೆ ಬರಲಿಲ್ಲ ಎಂದು. "ಹಾಳಾಯಿತು" ಎಂದರೆ ಖಂಡಿತ ಸೊನ್ನೆ. ಬೆಳೆ ಇಟ್ಟು ಪೂರ್ತಿ ಕಳೆದುಕೊಂಡ ರೈತನನ್ನು ಎನ್‌ಎ ಮಾಡಿದರೆ ಅವನು ಸರಾಸರಿಯಿಂದ ಹೊರಗೆ ಹೋಗುತ್ತಾನೆ. ಉಳಿದವರ ಇಳುವರಿ ಚೆನ್ನಾಗಿ ಕಾಣುತ್ತದೆ. ಅವನ ನಷ್ಟ ಲೆಕ್ಕದಲ್ಲೇ ಇರುವುದಿಲ್ಲ. ಇದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ.

ಶನಿವಾರ ರಾತ್ರಿ

ಸರ್ವೆ ನಂಬರ್ ಕಾಲಂ ತೆರೆದಾಗ ಐದಂಕಿಯ ಸಂಖ್ಯೆಗಳು ಕಂಡವು. 45728, 45994. ನಡುನಡುವೆ 45/2, 112/1ಎ ಎಂದು ಸರಿಯಾದವೂ ಇದ್ದವು.

ಇದನ್ನು ಮೊದಲು ನೋಡಿದವರಿಗೆ ಗಾಬರಿ ಆಗುತ್ತದೆ. ಎಕ್ಸೆಲ್ ತಾರೀಖನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಎಂದರೆ 1. ಅಲ್ಲಿಂದ ಒಂದೊಂದು ದಿನಕ್ಕೆ ಒಂದೊಂದು. 1900ರಲ್ಲಿ ಫೆಬ್ರವರಿ 29 ಇರಲಿಲ್ಲ, ಆದರೂ ಎಕ್ಸೆಲ್ ಅದನ್ನು ಎಣಿಸುತ್ತದೆ. ಹಳೆಯ ಲೋಟಸ್ 1-2-3ರಲ್ಲಿದ್ದ ತಪ್ಪು ಅದು, ಹೊಂದಾಣಿಕೆಗೆ ಎಂದು ಹಾಗೇ ಉಳಿಸಿಕೊಂಡರು. ಅದಕ್ಕೇ ಆರ್‌ನಲ್ಲಿ ಈ ಸಂಖ್ಯೆಯನ್ನು ತಾರೀಖು ಮಾಡುವಾಗ ಮೂಲ ದಿನ 1899ರ ಡಿಸೆಂಬರ್ 30 ಎಂದು ಕೊಡಬೇಕು. ಕೊಟ್ಟಾಗ 45728 ಎಂಬುದು 2025ರ ಮಾರ್ಚ್ 12 ಆಯಿತು, 45994 ಎಂಬುದು ಡಿಸೆಂಬರ್ 3 ಆಯಿತು.

ಸರ್ವೆ ನಂಬರ್ 12, ಹಿಸ್ಸಾ 3. ಪಹಣಿಯಲ್ಲಿ 12/3. ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅದನ್ನು ತಾರೀಖು ಮಾಡಿದೆ, ವರ್ಷ ಇಲ್ಲದ್ದರಿಂದ ಟೈಪ್ ಮಾಡಿದ ವರ್ಷ 2025ನ್ನೇ ಹಾಕಿಕೊಂಡಿದೆ. 45/2 ತಾರೀಖಾಗಲು ಸಾಧ್ಯ ಇಲ್ಲ, ಹಾಗಾಗಿ ಉಳಿದುಕೊಂಡಿದೆ. ಆದರೆ ಒಂದು 12/3 ಮಾರ್ಚ್ 12 ಆಗಿ, ಇನ್ನೊಂದು 12/3 ಡಿಸೆಂಬರ್ 3 ಆದದ್ದು ಹೇಗೆ? ಹಾಳೆಯಲ್ಲಿ ಎರಡೂ 12/3. ತಂಗಿಗೆ ಆಗ ನೆನಪಾಯಿತು. ಅಂಗಡಿಯಲ್ಲಿ ಎರಡು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಎರಡು ಫೈಲ್ ಕೊಟ್ಟಿದ್ದರು, ಅವಳು ಒಂದರ ಕೆಳಗೆ ಒಂದು ಅಂಟಿಸಿದ್ದಳು. ಒಂದರ ರೀಜನ್ ಸೆಟ್ಟಿಂಗ್ ಭಾರತದ್ದು, ದಿನ ಮೊದಲು. ಇನ್ನೊಂದು ಅಮೆರಿಕದ್ದು, ತಿಂಗಳು ಮೊದಲು. ಮೂಲ ಎರಡು ಫೈಲ್ ಅವಳ ಮೇಲ್‌ನಲ್ಲಿ ಇನ್ನೂ ಇದ್ದವು. ಇಲ್ಲದಿದ್ದರೆ ನಾವು ಸೋಲುತ್ತಿದ್ದೆವು. ಮೊದಲನೆಯದಕ್ಕೆ ಎ, ಎರಡನೆಯದಕ್ಕೆ ಬಿ ಎಂದು ಹೆಸರಿಟ್ಟು ಬೇರೆ ಬೇರೆಯಾಗಿ ಓದಿದೆ. ಪ್ರತಿ ಸಾಲಿಗೂ ಅದು ಯಾವ ಫೈಲಿನದು ಎಂಬ ಗುರುತು ಸೇರಿಸಿದೆ.

ಇದು ನಮ್ಮ ಪಹಣಿಗೆ ಮಾತ್ರ ಬಂದ ಕಷ್ಟ ಅಲ್ಲ. ಜೀನ್‌ಗಳ ಮೇಲೆ ಕೆಲಸ ಮಾಡುವವರು ವರ್ಷಗಟ್ಟಲೆ ಇದನ್ನು ಅನುಭವಿಸಿದ್ದಾರೆ. ಸೆಪ್ಟ್2, ಮಾರ್ಚ್1 ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್‌ನಲ್ಲಿ ಹಾಕಿದರೆ ತಾರೀಖು ಆಗುತ್ತಿದ್ದವು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಲೇಖನಗಳನ್ನು ನೋಡಿತು. ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪು ಸಿಕ್ಕಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು, ಸೆಪ್ಟಿನ್2 ಎಂದು, ಮಾರ್ಚ್‌ಎಫ್1 ಎಂದು. ಅವರು ಹೆಸರು ಬದಲಿಸಬಹುದು. ಹಿಸ್ಸಾ ನಂಬರ್ ಬದಲಿಸಲು ನಮ್ಮ ಕೈಯಲ್ಲಿ ಆಗುತ್ತದಾ?

2023ರಲ್ಲಿ ಮೈಕ್ರೋಸಾಫ್ಟ್ ಈ ತಾನೇ ಬದಲಿಸುವ ಬುದ್ಧಿಯನ್ನು ನಿಲ್ಲಿಸುವ ಆಯ್ಕೆಗಳನ್ನು ಎಕ್ಸೆಲ್‌ಗೆ ಸೇರಿಸಿತು. ಮುಂದಿನ ಸೊನ್ನೆ ತೆಗೆಯಬೇಡ, ಉದ್ದದ ಸಂಖ್ಯೆ ಕತ್ತರಿಸಬೇಡ, ಅಕ್ಷರ-ಅಂಕಿ ಕೂಡಿದ್ದನ್ನು ತಾರೀಖು ಮಾಡಬೇಡ ಎಂದು ಹೇಳಬಹುದು. ಜೀನ್‌ಗಳವರಿಗೆ ಅದು ಸಾಕು. 12/3ಕ್ಕೆ ಅದರಿಂದ ಉಪಯೋಗ ಇಲ್ಲ, ಅಲ್ಲಿ ಅಕ್ಷರವೇ ಇಲ್ಲವಲ್ಲ. ಟೈಪ್ ಮಾಡುವ ಮೊದಲೇ ಕಾಲಮನ್ನು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡುವುದೇ ಸುಲಭದ ದಾರಿ. ಟೈಪ್ ಆದಮೇಲೆ ಟೆಕ್ಸ್ಟ್ ಮಾಡಿದರೆ 12/3 ವಾಪಸ್ ಬರುವುದಿಲ್ಲ, 45728 ಎಂಬ ಎಣಿಕೆ ಕಾಣುತ್ತದೆ.

ಭಾನುವಾರ

ಬಿತ್ತನೆ, ನಾಟಿ ತಾರೀಖಿನ ಕಾಲಂ ನಿಜವಾಗಿಯೂ ತಾರೀಖಿನದೇ. ಆದರೂ ಇಲ್ಲಿಯ ತಪ್ಪು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ತಪ್ಪಾದಮೇಲೂ ಅದು ಚೆಂದದ ತಾರೀಖಾಗಿಯೇ ಕೂತಿರುತ್ತದೆ.

ನಮಗೆ ಸುಳಿವು ಕೊಟ್ಟದ್ದು ಷರಾ ಕಾಲಂ. ಸಿಂಧನೂರು ತಾಲ್ಲೂಕಿನ ಒಬ್ಬ ರೈತನ ಸಾಲಿನಲ್ಲಿ ನಾಟಿ ದಿನ 2024ರ ಅಕ್ಟೋಬರ್ 8 ಎಂದಿತ್ತು. ಷರಾದಲ್ಲಿ ಹುಡುಗ ಹೀಗೆ ಬರೆದುಕೊಂಡಿದ್ದ: "ಪಂಚಮಿ ಮರುದಿನ ನಾಟಿ. ಅದೇ ರಾತ್ರಿ ಡ್ಯಾಂ ಗೇಟ್ ಹೋಯಿತು ಅಂತಾರ." ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಆ ವರ್ಷ ನಾಗರ ಪಂಚಮಿ ಆಗಸ್ಟ್ 9. ಆ ರಾತ್ರಿ ನಮ್ಮ ಕಡೆ ಕಾಲುವೆ ನಂಬಿದ ಯಾರಿಗೂ ನಿದ್ದೆ ಬಂದಿಲ್ಲ, ಅದನ್ನು ರೈತ ತಪ್ಪಾಗಿ ಹೇಳುವುದಿಲ್ಲ. ಹಾಳೆಯಲ್ಲಿ 10/08/2024 ಎಂದೇ ಇತ್ತು. ಬಿ ಕಂಪ್ಯೂಟರ್ ತಿಂಗಳು ಮೊದಲು ಎಂದು ಓದಿ ಅಕ್ಟೋಬರ್ 8 ಮಾಡಿತ್ತು.

ಹಾಗಾದರೆ ಬಿ ಫೈಲಿನ ಎಲ್ಲಾ ತಾರೀಖೂ ಅನುಮಾನವೇ. ಪರೀಕ್ಷೆ ಮಾಡುವುದು ಸುಲಭ. ತಿಂಗಳು ಮೊದಲು ಎಂದುಕೊಳ್ಳುವ ಕಂಪ್ಯೂಟರಿಗೆ 18/07/2024 ಕೊಟ್ಟರೆ ಅರ್ಥ ಆಗುವುದಿಲ್ಲ, 18ನೇ ತಿಂಗಳು ಇಲ್ಲವಲ್ಲ. ಅದನ್ನು ಟೆಕ್ಸ್ಟ್ ಆಗಿಯೇ ಬಿಡುತ್ತದೆ. ಬಿ ಫೈಲಿನಲ್ಲಿ ಓರೆಗೆರೆ ಹಾಕಿ ಬರೆದು ಟೆಕ್ಸ್ಟ್ ಆಗಿ ಉಳಿದ ತಾರೀಖುಗಳನ್ನು ಬೇರೆ ಮಾಡಿದೆ. ಒಂದರಲ್ಲೂ ದಿನ 12ಕ್ಕಿಂತ ಕಡಿಮೆ ಇಲ್ಲ, 12 ಕೂಡ ಇಲ್ಲ. ಎಲ್ಲಾ 13ರಿಂದ 31. ಅಂದರೆ 1ರಿಂದ 12ರವರೆಗಿನ ದಿನಗಳೆಲ್ಲಾ ತಿರುವುಮುರುವಾಗಿ ಸಂಖ್ಯೆಯಾಗಿವೆ. ದೇವದುರ್ಗದ ಹತ್ತಿ ಸಾಲುಗಳಲ್ಲೂ ಅದೇ. ಮೇ 7ರಂದು ಬಿತ್ತನೆ ಎಂದಿತ್ತು. ಮೇ 7 ಎಂದರೆ ಭರಣಿ ಮಳೆ. ಒಣಭೂಮಿಯಲ್ಲಿ ಭರಣಿಗೆ ಹತ್ತಿ ಬಿತ್ತುವವರನ್ನು ನಾನು ನೋಡಿಲ್ಲ. ಹಾಳೆ ತೆಗೆದರೆ 05/07, ಜುಲೈ 5.

ಬಿ ಫೈಲಿನಲ್ಲಿ ಸಂಖ್ಯೆಯಾದದ್ದನ್ನು ತಾರೀಖಿಗೆ ತಿರುಗಿಸಿ, ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿದೆ. ಟೆಕ್ಸ್ಟ್ ಆಗಿ ಉಳಿದದ್ದನ್ನು ದಿನ ಮೊದಲು ಎಂದು ಓದಿಸಿದೆ. ಎ ಫೈಲಿನಲ್ಲಿ 13.07.2024 ಎಂದು ಚುಕ್ಕಿ ಹಾಕಿ ಬರೆದವು ಟೆಕ್ಸ್ಟ್ ಆಗಿದ್ದವು, ಅವಕ್ಕೂ ಅದೇ ನಿಯಮ. ಆಮೇಲೆ ತಿಂಗಳುವಾರು ಎಣಿಸಿದೆ. ಹತ್ತಿ ಜೂನ್, ಜುಲೈನಲ್ಲಿ ಗುಂಪಾಯಿತು. ಭತ್ತದ ಮುಂಗಾರು ನಾಟಿ ಜುಲೈ, ಆಗಸ್ಟ್‌ನಲ್ಲಿ ಗುಂಪಾಯಿತು. ಈ ಎಣಿಕೆ ನೋಡಿದಾಗಲೇ ತಂಗಿಯ ಮುಖದಲ್ಲಿ ನೆಮ್ಮದಿ ಕಂಡದ್ದು.

ಮಧ್ಯಾಹ್ನ ಊಟ ಆದಮೇಲೆ ಜಮೀನಿನ ವಿಸ್ತೀರ್ಣಕ್ಕೆ ಕೈ ಹಾಕಿದೆವು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ. ಎಕರೆಗೆ ಎಷ್ಟು ಇಳುವರಿ, ಎಷ್ಟು ಖರ್ಚು ಎಂಬುದೆಲ್ಲಾ ಈ ಕಾಲಮಿನಿಂದ ಭಾಗಿಸಿ ಬರುವುದು. ಇದು ತಪ್ಪಾದರೆ ಪ್ರಬಂಧ ಪೂರ್ತಿ ತಪ್ಪು.

ಒಂದು ಎಕರೆಗೆ 40 ಗುಂಟೆ. ಎರಡು ಎಕರೆ ಹತ್ತು ಗುಂಟೆಯನ್ನು ನಮ್ಮವರು 2-10 ಎಂದು ಬರೆಯುತ್ತಾರೆ. ಟೈಪ್ ಮಾಡಿದರೆ ಎ ಕಂಪ್ಯೂಟರಿನಲ್ಲಿ ಅದು ಅಕ್ಟೋಬರ್ 2, ಎಣಿಕೆಯಲ್ಲಿ 45932. ಬಿ ಕಂಪ್ಯೂಟರಿನಲ್ಲಿ ಫೆಬ್ರವರಿ 10, ಎಣಿಕೆಯಲ್ಲಿ 45698. ತಂಗಿಯ ಮೊದಲ ಪ್ರಯತ್ನದಲ್ಲಿ ಈ ಕಾಲಂ ಹೇಗೋ ಸಂಖ್ಯೆಯಾಗಿ, 45 ಸಾವಿರ ಎಕರೆಯ ರೈತರು ಹುಟ್ಟಿಕೊಂಡಿದ್ದರು. ಅವಳು ಅವನ್ನು ಅತಿ ದೊಡ್ಡ ಸಂಖ್ಯೆ ಎಂದು ತೆಗೆದುಹಾಕಿದ್ದಳು. ತೆಗೆದುಹಾಕಿದ್ದು ನಿಜವಾದ ರೈತರ ನಿಜವಾದ ಹೊಲ.

ವಾಪಸ್ ತರುವ ನಿಯಮಗಳನ್ನು ಕಾಗದದ ಮೇಲೆ ಬರೆದುಕೊಂಡೆವು. ಎ ಫೈಲಿನಲ್ಲಿ 2025ರ ತಾರೀಖು ಬಂದರೆ ದಿನ ಎಕರೆ, ತಿಂಗಳು ಗುಂಟೆ; ದಿನ 1 ಆಗಿದ್ದರೆ ಮಾತ್ರ ಹಾಳೆ ನೋಡಬೇಕು, ಏಕೆಂದರೆ ಅಲ್ಲಿ 1-2 ಮತ್ತು 2-25 ಎರಡೂ 2025ರ ಫೆಬ್ರವರಿ 1. ಬಿ ಫೈಲಿನಲ್ಲಿ ಬಂದರೆ ತಿಂಗಳು ಎಕರೆ, ದಿನ ಗುಂಟೆ. ಎ ಫೈಲಿನಲ್ಲಿ ಗುಂಟೆ 12 ದಾಟಿದರೆ ಎಕ್ಸೆಲ್ ಅದನ್ನು ವರ್ಷ ಎಂದುಕೊಂಡಿದೆ. 2-20 ಎಂದರೆ 2020ರ ಫೆಬ್ರವರಿ 1. ಆಗ ತಿಂಗಳು ಎಕರೆ, ವರ್ಷದ ಕೊನೆಯ ಎರಡಂಕಿ ಗುಂಟೆ. 2-35 ಎರಡೂ ಫೈಲಿನಲ್ಲೂ 1935ರ ಫೆಬ್ರವರಿ 1 ಆಗಿತ್ತು, ಎಣಿಕೆ 12816. ಇನ್ನು 0-25, ಅಂದರೆ ಬರೀ 25 ಗುಂಟೆ, ತಾರೀಖಾಗದೆ ಟೆಕ್ಸ್ಟ್ ಆಗಿಯೇ ಉಳಿದಿತ್ತು. 14-20 ಕೂಡ ಹಾಗೆಯೇ. ಸಣ್ಣ ಹಿಡುವಳಿಗಳೂ ದೊಡ್ಡ ಹಿಡುವಳಿಗಳೂ ಉಳಿದು, ನಡುವಿನವರೇ ತಾರೀಖಾಗಿ ಹೋಗಿದ್ದರು. ಹೀಗೆ ಒಂದು ಬಗೆಯ ರೈತರೇ ಒಟ್ಟಾಗಿ ಕಾಣೆಯಾದರೆ ಲೆಕ್ಕ ವಾಲುತ್ತದೆ ಎಂದು ತಂಗಿಗೆ ಬಿಡಿಸಿ ಹೇಳಿದೆ.

ತಾರೀಖಾದವು ವಾಪಸ್ ಬಂದವು. ಉಳಿದದ್ದು ಚುಕ್ಕಿ ಹಾಕಿ ಬರೆದವು. 2.20 ಎಂದು ಒಬ್ಬ ಹುಡುಗ ಬರೆದಿದ್ದಾನೆ. ಅವನ ಲೆಕ್ಕದಲ್ಲಿ ಅದು ಎರಡು ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಕಂಪ್ಯೂಟರಿಗೆ ಅದು ಎರಡು ದಶಾಂಶ ಎರಡು. 90 ಚೀಲ ಬೆಳೆದ ರೈತನನ್ನು 2.2ರಿಂದ ಭಾಗಿಸಿದರೆ ಎಕರೆಗೆ ಸುಮಾರು 41 ಚೀಲ. 2.5ರಿಂದ ಭಾಗಿಸಿದರೆ 36. ಐದು ಚೀಲದ ವ್ಯತ್ಯಾಸ. 41 ಕೂಡ ನಂಬುವಂಥ ಸಂಖ್ಯೆಯೇ, ಅದಕ್ಕೇ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ಪರೀಕ್ಷೆ ಕೈಹಿಡಿಯಿತು. ಗುಂಟೆ 39ಕ್ಕಿಂತ ಜಾಸ್ತಿ ಆಗಲಾರದು. ಚುಕ್ಕಿಯ ನಂತರ 39 ದಾಟಿದ ಸಂಖ್ಯೆ ಇದ್ದರೆ ಅದು ಗುಂಟೆ ಅಲ್ಲ, ದಶಾಂಶ. ಹಾಳೆ ತುಂಬಿದವರ ಹೆಸರಿನ ಕಾಲಂ ಇಟ್ಟುಕೊಂಡು ಎಣಿಸಿದೆ. ಇಬ್ಬರ ಹಾಳೆಗಳಲ್ಲಿ ಒಂದೂ 39 ದಾಟಿಲ್ಲ. ಮೂರನೆಯವನದರಲ್ಲಿ 1.75ರಂಥವು ಬೇಕಾದಷ್ಟು. ಅವನು ದಶಾಂಶದಲ್ಲೇ ಬರೆದಿದ್ದಾನೆ. ತಂಗಿ ಅವನಿಗೆ ಫೋನ್ ಮಾಡಿದಳು. "ಹೌದಕ್ಕಾ, ನಾನು ಲೆಕ್ಕ ಹಾಕಿ ಎಕರೆದಾಗೇ ಬರದೀನಿ" ಎಂದ. ಪಾಪ, ಒಳ್ಳೆಯದು ಮಾಡೋಣ ಎಂದೇ ಹಾಗೆ ಮಾಡಿದ್ದ.

ಆದರೂ 2.2 ಉಳಿಯಿತು. 2.20 ಎಂದು ಟೈಪ್ ಮಾಡಿದರೂ ಫೈಲಿನಲ್ಲಿ ಇರುವುದು 2.2 ಮಾತ್ರ. ಎರಡು ಗುಂಟೆಯನ್ನು 2.02 ಎಂದು ಬರೆಯದೆ 2.2 ಎಂದು ಬರೆದಿದ್ದರೆ ಅದೂ 2.2. ಇದನ್ನು ಬಿಡಿಸಲು ಯಾವ ಪ್ಯಾಕೇಜಿಗೂ ಆಗುವುದಿಲ್ಲ. ಚುಕ್ಕಿಯ ನಂತರ ಒಂದೇ ಅಂಕಿ ಇರುವ ಸಾಲುಗಳನ್ನು ಬೇರೆ ಮಾಡಿದೆ. 63 ಬಂದವು. ಆ 63 ಹಾಳೆಗಳನ್ನು ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು.

ಸೋಮವಾರ, ಮಂಗಳವಾರ ಸಂಜೆ

ಊರು, ಬೆಳೆ, ನೀರಿನ ಮೂಲ ಇವು ಅಕ್ಷರದ ಕಾಲಂಗಳು. ನೀರಿನ ಮೂಲದಲ್ಲಿ ಎರಡೇ ಬಗೆ ಇರಬೇಕು, ಕಾಲುವೆ ಮತ್ತು ಬೋರ್‌ವೆಲ್. ಎಣಿಸಿದರೆ ಏಳು ಬಂದವು. ಕೆಲವು ಕಣ್ಣಿಗೆ ಕಾಣುವ ವ್ಯತ್ಯಾಸ, ಬೋರ್ವೆಲ್ ಎಂದು ಒತ್ತಕ್ಷರ ಬಂದದ್ದು. ಕೆಲವು ಕಾಣದವು. "ಬೋರ್‌ವೆಲ್" ಬರೆಯುವಾಗ ರ್ ಮತ್ತು ವೆ ಕೂಡಿಕೊಳ್ಳದಿರಲಿ ಎಂದು ನಡುವೆ ಒಂದು ಅಗೋಚರ ಅಕ್ಷರ ಕೂರುತ್ತದೆ. ಕೆಲವು ಕೀಬೋರ್ಡುಗಳು ಅದನ್ನು ಪದದ ಕೊನೆಯಲ್ಲೂ ಬಿಡುತ್ತವೆ. ಆಗ ನೋಡಲು ಒಂದೇ ಪದ, ಎಣಿಕೆಯಲ್ಲಿ ಎರಡು. ತೊಗರಿಯಲ್ಲೂ ಹೀಗೇ ಆಯಿತು. 'ತೊ'ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಸ್ಟ್ರಿಂಗ್‌ಐ ಪ್ಯಾಕೇಜಿನಲ್ಲಿ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುವ ಫಂಕ್ಷನ್ ಇದೆ. ಮೊದಲು ಅದನ್ನು ಓಡಿಸಿ, ಕೊನೆಯ ಅಗೋಚರ ಅಕ್ಷರ ತೆಗೆದು, ಖಾಲಿ ಜಾಗ ಕತ್ತರಿಸಿದೆ. ಏಳು ಮೂರಾಯಿತು. ಒತ್ತಕ್ಷರದ್ದನ್ನು ಕೈಯಾರೆ ಬದಲಿಸಿದೆ. ಎರಡಾಯಿತು.

ಒಂದು ಶೀಟ್ ಪೂರ್ತಿ ಹಳೆಯ ನುಡಿ ಫಾಂಟಿನಲ್ಲಿತ್ತು. ಎಕ್ಸೆಲ್‌ನಲ್ಲಿ ಕನ್ನಡ, ಆರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಅದನ್ನು ಯೂನಿಕೋಡ್ ಮಾಡುವ ಪರಿವರ್ತಕಗಳಿವೆ, ಒಂದರಲ್ಲಿ ಹಾಕಿ ತಂದೆವು.

ಪ್ರತಿ ಕಾಲಂ ತಿರುಗಿಸಿದಾಗಲೂ ಒಂದು ಲೆಕ್ಕ ಇಟ್ಟೆ. ತಿರುಗಿಸುವ ಮೊದಲು ಎಷ್ಟು ಖಾಲಿ, ಆಮೇಲೆ ಎಷ್ಟು ಖಾಲಿ. ಜಾಸ್ತಿ ಆಗಿದ್ದರೆ ಆ ಸೆಲ್‌ಗಳ ಮೂಲ ಟೆಕ್ಸ್ಟ್ ಪಟ್ಟಿ ಮಾಡಿಸಿದೆ. ಒಂದೂ ಜಾಸ್ತಿ ಆಗದವರೆಗೆ ಮುಂದಿನ ಕಾಲಮಿಗೆ ಹೋಗಲಿಲ್ಲ. ಮೂಲ ಟೆಕ್ಸ್ಟ್ ಕಾಲಂಗಳನ್ನು ಅಳಿಸಲಿಲ್ಲ, ಪಕ್ಕದಲ್ಲೇ ಇವೆ. ಸಿದ್ಧವಾದ ಫೈಲನ್ನು ಹೇವನ್ ಪ್ಯಾಕೇಜಿನಿಂದ ನೇರವಾಗಿ ಎಸ್‌ಪಿಎಸ್‌ಎಸ್‌ಗೆ ಬರೆದೆ. ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಉಳಿಸಬೇಡ ಎಂದು ತಂಗಿಯಿಂದ ಮಾತು ತೆಗೆದುಕೊಂಡೆ.

ಬುಧವಾರ

63ರಲ್ಲಿ 62 ಹಾಳೆ ಸಿಕ್ಕವು, ಓದಲು ಬಂದವು. ಒಂದು ಮಳೆಗೆ ನೆನೆದು ಶಾಯಿ ಹರಡಿತ್ತು. ಎರಡರ ಮುಂದೆ ಏನಿದೆ ಎಂದು ಬೆಳಕಿಗೆ ಹಿಡಿದರೂ ತಿಳಿಯಲಿಲ್ಲ. ಎರಡು ಎಕರೆ ಎರಡು ಗುಂಟೆಯೋ, ಎರಡೂವರೆ ಎಕರೆಯೋ? ತಂಗಿ ಕೊನೆಗೆ ಆ ರೈತನಿಗೇ ಫೋನ್ ಹಚ್ಚಿ ಸ್ಪೀಕರ್ ಇಟ್ಟಳು. ಅವರು ಹೊಲದಲ್ಲೇ ಇದ್ದರು, ಹಿಂದೆ ಟ್ರ್ಯಾಕ್ಟರ್ ಸದ್ದು.

"ಎರಡೂವರಿ ಅಲ್ರೀ ಮೇಡಂ. ಎರಡು ಎಕರೆ ಎರಡು ಗುಂಟೆ. ಆ ಎರಡು ಗುಂಟೆದಾಗ ದಾರಿ ಹೋಗ್ಯದ, ಬಿತ್ತಾದು ಎರಡೇ ಎಕರೆ."

ತಂಗಿ ಆ ಸಾಲಿನಲ್ಲಿ ವಿಸ್ತೀರ್ಣ 2.05 ಎಕರೆ ಎಂದು ತುಂಬಿದಳು. ಬಿತ್ತಿದ ವಿಸ್ತೀರ್ಣಕ್ಕೆ 42ನೇ ಕಾಲಂ ಸೇರಿಸಿ ಅಲ್ಲಿ 2 ಎಂದು ಬರೆದಳು. ಆಮೇಲೆ ಉಳಿದ ರೈತರ ಫೋನ್ ನಂಬರ್ ಇರುವ ಪಟ್ಟಿ ತೆರೆದು ಮೊದಲ ಹೆಸರಿಗೆ ಫೋನ್ ಹಚ್ಚಿದಳು.